ಉಳಿದ 362 ದಿನ

ಮೇಲುಕೋಟೆಯ ಕಲ್ಯಾಣಿಯ ಮೆಟ್ಟಿಲ ಮೇಲೆ ನಮ್ಮ ಶಾಲೆಯ ಮಕ್ಕಳು ಕೂತಿದ್ದರು. ಆಗಷ್ಟೇ ಯೋಗಾನರಸಿಂಹನ ಬೆಟ್ಟ ಹತ್ತಿ ಇಳಿದಿದ್ದರು. ಕಾಲು ಸೋತಿತ್ತು, ಹೊಟ್ಟೆ ಹಸಿದಿತ್ತು. ಪುಳಿಯೋಗರೆ ಪೊಟ್ಟಣ ಬಿಚ್ಚೋಣ ಅಂದರೆ ಸುತ್ತಲೂ ಕೋತಿಗಳು. ಆ ಹೊತ್ತಿನಲ್ಲಿ ನಾನು ರಾಮಾನುಜಾಚಾರ್ಯರ ಕಥೆ ಹೇಳುತ್ತಿದ್ದೆ.

ಈ ಕಡೆಯವರಿಗೆಲ್ಲ ಗೊತ್ತಿರುವ ಕಥೆಯೇ. 12ನೇ ಶತಮಾನದಲ್ಲಿ ಆಚಾರ್ಯರು ತಮಿಳು ಸೀಮೆಯಿಂದ ಹೊಯ್ಸಳ ನಾಡಿಗೆ ಬಂದರು. ಮೇಲುಕೋಟೆಯಲ್ಲಿ ನೆಲೆ ನಿಂತರು. ಚೆಲುವನಾರಾಯಣನ ಉತ್ಸವಮೂರ್ತಿ ದಿಲ್ಲಿಯಲ್ಲಿದೆ ಅಂತ ತಿಳಿದು ಅದನ್ನು ತರಲು ಹೋದರು. ವಾಪಸ್ ಬರುವ ದಾರಿಯಲ್ಲಿ ಅವರ ನೆರವಿಗೆ ನಿಂತವರು ಊರಿನವರು ಮುಟ್ಟಿಸಿಕೊಳ್ಳದ ಜನ. ಆಚಾರ್ಯರು ಅವರನ್ನು ತಿರುಕುಲತ್ತಾರ್ ಅಂತ ಕರೆದರು, ಅಂದರೆ ಸಿರಿಕುಲದವರು. ವರ್ಷಕ್ಕೆ ಮೂರು ದಿನ ಅವರು ದೇವಸ್ಥಾನದ ಒಳಗೆ ಬರಬಹುದು ಅಂತ ಕಟ್ಟಳೆ ಮಾಡಿದರು. ಸ್ಥಳಪುರಾಣ ಹೇಳುವುದು ಇಷ್ಟು.

ನಾನು ಈ ಕಥೆಯನ್ನು ಹತ್ತಾರು ಸಲ ಹೇಳಿದ್ದೇನೆ. ಪ್ರತಿ ಸಲವೂ ‘ನೋಡಿ, ಎಂಟುನೂರು ವರ್ಷದ ಹಿಂದೆ ಎಂಥಾ ದೊಡ್ಡ ಮನಸ್ಸು’ ಅಂತ ಮುಗಿಸುತ್ತಿದ್ದೆ. ಅವತ್ತೂ ಹಾಗೇ ಮುಗಿಸಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಒಂಬತ್ತನೇ ಕ್ಲಾಸಿನ ಹುಡುಗಿ ನೋಟ್‌ಬುಕ್ಕಿನ ಅಂಚಿನಲ್ಲಿ ಏನೋ ಬರೆಯುತ್ತಿದ್ದಳು. ಬಗ್ಗಿ ನೋಡಿದೆ. ಮುನ್ನೂರ ಅರವತ್ತೈದರಲ್ಲಿ ಮೂರು ಕಳೆದಿದ್ದಳು.

‘ಸಾರ್, ಉಳಿದ 362 ದಿನ ಅವರು ಎಲ್ಲಿ ನಿಂತ್ಕೋತಿದ್ರು?’

ಅವಳು ವಾದ ಮಾಡುತ್ತಿರಲಿಲ್ಲ. ನಿಜವಾಗಿಯೂ ಜಾಗ ಕೇಳುತ್ತಿದ್ದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ‘ಬಾ, ಹೋಗಿ ನೋಡೋಣ’ ಅಂದೆ. ಪೊಟ್ಟಣಗಳನ್ನು ಚೀಲಕ್ಕೆ ಹಾಕಿ ಎಲ್ಲರೂ ಎದ್ದೆವು.

ದೇವಸ್ಥಾನದ ಮುಂದಿನ ಬೀದಿಗೆ ಬಂದು ನಿಂತೆವು. ಹುಡುಗರು ಅಲ್ಲಲ್ಲಿ ನಿಂತು ನೋಡಿದರು. ಗೋಪುರದ ಬಾಗಿಲ ಹತ್ತಿರ ಒಬ್ಬ, ಬೀದಿಯ ನಡುವೆ ಇನ್ನೊಬ್ಬ, ಮೂಲೆಯ ಮನೆಯ ಜಗಲಿ ಪಕ್ಕ ಮತ್ತೊಬ್ಬ. ‘ಇಲ್ಲಿಂದ ದೇವರು ಕಾಣಲ್ಲ ಸಾರ್’ ಅಂತ ಒಬ್ಬ ಕೂಗಿದ. ‘ಇಲ್ಲಿಂದ್ಲೂ ಇಲ್ಲ’ ಅಂತ ಇನ್ನೊಬ್ಬ. ಆ ಹುಡುಗಿ ಮಾತ್ರ ಏನೂ ಹೇಳದೆ ಬೀದಿಯ ಕೊನೆಯವರೆಗೂ ನಡೆದು ಹೋಗಿ, ತಿರುಗಿ ನಿಂತು, ಗೋಪುರ ನೋಡಿ ಬಂದಳು.

ಆಮೇಲೆ ಊಟ ಮಾಡುತ್ತಾ ಲೆಕ್ಕ ಹಾಕಿದೆವು. ಮೈಸೂರು ಸಂಸ್ಥಾನದಲ್ಲಿ ದೇವಸ್ಥಾನ ಪ್ರವೇಶದ ಕಾನೂನು ಬಂದದ್ದು 1948ರಲ್ಲಿ. ಅಸ್ಪೃಶ್ಯತೆ ತಪ್ಪು ಅಂತ ಸಂವಿಧಾನದ 17ನೇ ವಿಧಿ ಜಾರಿಗೆ ಬಂದದ್ದು 1950ರಲ್ಲಿ. ಮೂರು ದಿನ ಅನ್ನುವುದು ಮುನ್ನೂರ ಅರವತ್ತೈದು ಆಗಲು ಎಂಟುನೂರು ವರ್ಷ ಹಿಡಿಯಿತು. ಅದೂ ಕಾಗದದ ಮೇಲೆ.

ರಾಮಾನುಜರನ್ನು ಸಣ್ಣವರನ್ನಾಗಿ ಮಾಡಲು ಇದನ್ನು ಬರೆಯುತ್ತಿಲ್ಲ. ಆ ಕಾಲದಲ್ಲಿ ಮೂರು ದಿನ ಕೊಡಿಸುವುದಕ್ಕೂ ಎಷ್ಟು ಜನರ ಸಿಟ್ಟು ಎದುರಿಸಬೇಕಿತ್ತೋ. ಆದರೆ ನಾನು ಮೂರು ದಿನದ ಪಾಠ ಮಾತ್ರ ಮಾಡುತ್ತಿದ್ದೆ. ಆ ಹುಡುಗಿ ಕಳೆಯುವ ಲೆಕ್ಕ ಮಾಡಿದಳು. ಅವತ್ತಿನಿಂದ ನನ್ನ ಪಾಠದ ರೀತಿ ಬದಲಾಯಿತು.

ಹತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಸಾಮಾಜಿಕ ಮತ್ತು ಧಾರ್ಮಿಕ ಸುಧಾರಣೆ ಅಂತ ಒಂದು ಪಾಠ ಇದೆ. ಬ್ರಹ್ಮ ಸಮಾಜ 1828, ಸತ್ಯಶೋಧಕ ಸಮಾಜ 1873, ಆರ್ಯ ಸಮಾಜ 1875. ಮಕ್ಕಳು ಇದನ್ನು ಚೆನ್ನಾಗಿ ಬಾಯಿಪಾಠ ಮಾಡುತ್ತಾರೆ, ಅಂಕ ತೆಗೆಯುತ್ತಾರೆ. ಕಲ್ಕತ್ತಾ, ಪುಣೆ, ಬೊಂಬಾಯಿ ಎಲ್ಲ ಅವರಿಗೆ ದೂರ. ಸುಧಾರಣೆ ಅಂದರೆ ಅದೆಲ್ಲೋ ಆದದ್ದು, ಯಾರೋ ಪೇಟ ಸುತ್ತಿದ ದೊಡ್ಡವರು ಮಾಡಿದ್ದು, ಈಗ ಮುಗಿದಿದೆ ಅನ್ನುವ ಭಾವನೆ ಕೂತುಬಿಡುತ್ತದೆ. ಅದಕ್ಕೇ ನಾನು ಹೊರಸಂಚಾರ ಶುರು ಮಾಡಿದ್ದು. ಮಂಡ್ಯ ಸುತ್ತಮುತ್ತ ಒಂದು ದಿನದಲ್ಲಿ ಹೋಗಿ ಬರುವಷ್ಟು ದೂರದಲ್ಲೇ ಎಷ್ಟೊಂದು ಇದೆ. ಆದರೂ ಪ್ರವಾಸ ಅಂದರೆ ನಾವು ಅರಮನೆ, ಝೂ, ಕೆ.ಆರ್.ಎಸ್. ಲೈಟು ಅಷ್ಟಕ್ಕೇ ನಿಲ್ಲಿಸಿಬಿಡುತ್ತೇವೆ. ಅದೂ ಇರಲಿ, ಮಕ್ಕಳಿಗೆ ಆನೆ ನೋಡುವ ಆಸೆ ಇದ್ದೇ ಇರುತ್ತದೆ. ಝೂ ಒಂದನ್ನು ಬಿಡಬೇಡಿ ಅಂತ ಅವರು ಕೇಳಿದರೆ ನಾನು ಇಲ್ಲ ಅನ್ನುವುದಿಲ್ಲ.

ಎರಡನೇ ಸಂಚಾರ ಮೈಸೂರಿಗೆ. ಮಹಾರಾಣಿ ಕಾಲೇಜಿನ ಎದುರು ನಿಂತು ಹೇಳಿದೆ. 1881ರಲ್ಲಿ ಅಂಬಳೆ ನರಸಿಂಹ ಅಯ್ಯಂಗಾರ್ ಅನ್ನುವವರು ಅರಮನೆಯ ಬೆಂಬಲದಿಂದ ಮೈಸೂರಿನಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಆ ಮಹಾರಾಣಿ ಶಾಲೆಯಿಂದಲೇ ಈ ಕಾಲೇಜು ಬೆಳೆದದ್ದು. ಹೆಣ್ಣುಮಕ್ಕಳನ್ನು ಬೀದಿಗೇ ಕಳಿಸದ ಕಾಲದಲ್ಲಿ ಶಾಲೆಗೆ ಕರೆತರುವುದು ಸುಲಭದ ಮಾತಲ್ಲ. ನಾನು ನಿಲ್ಲಿಸುವ ಮೊದಲೇ ಪ್ರಶ್ನೆ ಬಂತು. ‘ಎಲ್ಲಾ ಹೆಣ್ಣುಮಕ್ಕಳಿಗಾ ಸಾರ್?’ ಅಲ್ಲ. ಮೊದಲು ಮೇಲುಜಾತಿಯ ಮನೆಗಳ ಹೆಣ್ಣುಮಕ್ಕಳಿಗೆ. ಹಾಗಂತ ಹೇಳಿದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಲ್ಲಿ ನಮ್ಮಲ್ಲಿ ಯಾರ ಮುತ್ತಜ್ಜಿಗೆ ಸೀಟು ಸಿಗುತ್ತಿತ್ತು ಅಂತ ಅವರೇ ಲೆಕ್ಕ ಹಾಕುತ್ತಿದ್ದರು.

ಅಲ್ಲೇ 1894ರ ಕಾನೂನಿನ ವಿಷಯವೂ ಬಂತು. ಬಾಲ್ಯವಿವಾಹ ತಡೆಯಲು ಮೈಸೂರು ಸಂಸ್ಥಾನ ಆ ವರ್ಷ ಕಾನೂನು ತಂದಿತು. ದಿವಾನರಾಗಿದ್ದವರು ಶೇಷಾದ್ರಿ ಅಯ್ಯರ್. ಇಡೀ ದೇಶ ಎಣಿಸಿದರೂ ಅಂಥ ಕಾನೂನು ಆಗ ಅಪರೂಪ. 8 ವರ್ಷ ತುಂಬದ ಹುಡುಗಿಗೆ ಮದುವೆ ಮಾಡುವ ಹಾಗಿಲ್ಲ. 50 ದಾಟಿದ ಗಂಡಸು 14 ತುಂಬದ ಹುಡುಗಿಯನ್ನು ಮದುವೆಯಾಗುವ ಹಾಗಿಲ್ಲ. ಕೇಳಿದ ಕೂಡಲೇ ಹೆಣ್ಣುಮಕ್ಕಳ ಗುಂಪಿನಲ್ಲಿ ಗುಸುಗುಸು ಶುರುವಾಯಿತು. ‘8 ಅಂದ್ರೆ ಮೂರನೇ ಕ್ಲಾಸು ಸಾರ್!’ ‘9 ಆಗಿದ್ರೆ ಮಾಡ್ಬೋದಿತ್ತಾ?’ ‘ಗಂಡಿಗೆ 49 ಆಗಿದ್ರೆ?’ ಮಾಡಬಹುದಿತ್ತು. ಬ್ರಿಟಿಷ್ ಇಂಡಿಯಾದಲ್ಲಿ ಹುಡುಗಿಯ ವಯಸ್ಸು 14 ಆಗಬೇಕು ಅನ್ನುವ ಶಾರದಾ ಕಾಯ್ದೆ ಬಂದದ್ದೇ 1929ರಲ್ಲಿ.

ಮೈಸೂರಿನಿಂದ ನಂಜನಗೂಡು ಅರ್ಧ ಗಂಟೆಯ ದಾರಿ. ಅವತ್ತು ಅಲ್ಲಿಗೂ ಹೋದೆವು. ದೇವಸ್ಥಾನಕ್ಕಿಂತ ಹೆಚ್ಚಾಗಿ ನನಗೆ ಹೇಳಬೇಕಿದ್ದದ್ದು ನಂಜನಗೂಡು ತಿರುಮಲಾಂಬ ಅವರ ಬಗ್ಗೆ. ಹುಟ್ಟಿದ್ದು 1887. ಸಣ್ಣ ವಯಸ್ಸಿಗೆ ಮದುವೆ. 14ಕ್ಕೆ ವಿಧವೆ. ಅಂದರೆ 8 ವರ್ಷದ ಕಾನೂನು ಬಂದು ಏಳು ವರ್ಷವಾದ ಮೇಲೂ ಹದಿನಾಲ್ಕರ ಹುಡುಗಿ ವಿಧವೆಯಾಗಿ ಮನೆಯಲ್ಲಿ ಕೂತಿದ್ದಳು. ಕಾನೂನು ಅವಳನ್ನು ಮುಟ್ಟಲೇ ಇಲ್ಲ. ತಂದೆ ಮನೆಯಲ್ಲೇ ಓದಿಸಿದರು. ಮುಂದೆ 1913ರಲ್ಲಿ ಆಕೆ ಸತೀಹಿತೈಷಿಣೀ ಅನ್ನುವ ಗ್ರಂಥಮಾಲೆ ಶುರು ಮಾಡಿದರು. ಆಮೇಲೆ ಕರ್ನಾಟಕ ನಂದಿನಿ ಅನ್ನುವ ಪತ್ರಿಕೆ ನಡೆಸಿದರು. ಕಾದಂಬರಿ ಬರೆದರು, ಅಚ್ಚು ಹಾಕಿಸಿದರು, ಮಾರಿದರು. ಕಾನೂನು ಬಿಟ್ಟುಹೋದ ಹುಡುಗಿ ತಾನೇ ಪೆನ್ನು ಹಿಡಿದು ಮುಂದಿನ ಕೆಲಸ ಶುರು ಮಾಡಿದಳು. ಕಪಿಲೆಯ ದಂಡೆಯ ಮೇಲೆ ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು. ಎದುರಿಗೆ ಕೂತಿದ್ದವರೆಲ್ಲ ಹದಿನಾಲ್ಕರ ಹುಡುಗಿಯರೇ ಅಲ್ವಾ.

ವಾಪಸ್ ಬರುವಾಗ ಮೈಸೂರಿನ ಪುರಭವನದ ಹತ್ತಿರ ಸ್ವಲ್ಪ ಹೊತ್ತು ನಿಂತೆವು. ಕಟ್ಟಡಕ್ಕೆ ದಿವಾನ್ ರಂಗಾಚಾರ್ಲು ಅವರ ಹೆಸರು. 1881ರಲ್ಲಿ ಪ್ರಜಾ ಪ್ರತಿನಿಧಿ ಸಭೆ ಶುರು ಮಾಡಿದವರು ಅವರು. ಮುಂದೆ ಅಂಬೇಡ್ಕರ್ ಪ್ರತಿಮೆ. ಇಲ್ಲಿ ಮಿಲ್ಲರ್ ಸಮಿತಿಯ ವಿಷಯ ಹೇಳಿದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲ, 1918. ಸರ್ಕಾರಿ ಕೆಲಸವೆಲ್ಲ ಹೆಚ್ಚಾಗಿ ಒಂದೇ ಜಾತಿಯವರ ಕೈಯಲ್ಲಿದೆ ಅಂತ ಉಳಿದವರು ಅಹವಾಲು ಕೊಟ್ಟಿದ್ದರು. ಸರ್ ಲೆಸ್ಲಿ ಮಿಲ್ಲರ್ ನೇತೃತ್ವದ ಸಮಿತಿ ಏಳು ವರ್ಷದ ಒಳಗೆ ದೊಡ್ಡ ಹುದ್ದೆಗಳಲ್ಲಿ ಅರ್ಧದಷ್ಟು, ಸಣ್ಣ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕು ಅಂತ ಹೇಳಿತು. ದಿವಾನ್ ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆ ಇರಲಿಲ್ಲ. ವರದಿ ಬರುವ ಮೊದಲೇ ಅವರು ಹುದ್ದೆ ಬಿಟ್ಟಿದ್ದರು.

ಮಂಡ್ಯದ ಮಕ್ಕಳಿಗೆ ಇದು ನುಂಗಲಾರದ ತುತ್ತು. ನಮ್ಮೂರುಗಳಲ್ಲಿ ವಿಶ್ವೇಶ್ವರಯ್ಯನವರ ಫೋಟೋ ದೇವರ ಪಟದ ಪಕ್ಕದಲ್ಲೇ ಇರುತ್ತದೆ. ‘ಅವರು ಒಳ್ಳೇವ್ರಾ ಕೆಟ್ಟೋರಾ ಸಾರ್?’ ಅಂತ ಒಬ್ಬ ಕೇಳಿಯೇಬಿಟ್ಟ. ನಾಲೆಯ ನೀರು ನಮ್ಮ ಗದ್ದೆಗೆ ಬಂದದ್ದು ಅವರ ಕನಸಿನಿಂದ, ಆ ಋಣ ತೀರಿಸಲಾಗದ್ದು ಅಂದೆ. ಮೀಸಲಾತಿಯ ವಿಷಯದಲ್ಲಿ ಅವರ ಮಾತು ಸರಿ ಇರಲಿಲ್ಲ ಅಂತ ನನಗೆ ಅನ್ನಿಸುತ್ತದೆ ಅಂತಲೂ ಅಂದೆ. ಎರಡನ್ನೂ ಒಟ್ಟಿಗೆ ಹೇಳುವುದು ಕ್ಲಾಸ್‌ರೂಮಿನಲ್ಲಿ ನನಗೆ ಯಾವತ್ತೂ ಆಗಿರಲಿಲ್ಲ. ಬೀದಿಯಲ್ಲಿ ನಿಂತಾಗ ಆಯಿತು. ಯಾಕೆ ಅಂತ ಗೊತ್ತಿಲ್ಲ.

ಮಳವಳ್ಳಿ ತಾಲ್ಲೂಕಿನ ಬೊಪ್ಪಗೌಡನಪುರಕ್ಕೆ ಹೋಗುವ ಮುಂಚೆ ಒಬ್ಬ ಹುಡುಗನ ತಂದೆ ಶಾಲೆಗೆ ಬಂದರು. ಒಳ್ಳೆಯ ಮನುಷ್ಯ, ಶಾಲೆಯ ಕೆಲಸಕ್ಕೆ ಯಾವತ್ತೂ ಇಲ್ಲ ಅಂದವರಲ್ಲ. ‘ಅಲ್ಲಿ ಮಠದಲ್ಲಿ ಊಟ ಗೀಟ ಮಾಡುಸ್ತೀರಾ ಸಾರ್?’ ಅಂತ ಕೇಳಿದರು. ಮಾಡಿಸುತ್ತೇವೆ ಅಂದೆ. ಮಾರನೇ ದಿನ ಹುಡುಗ ಬರಲಿಲ್ಲ. ಜ್ವರ ಅಂತ ಚೀಟಿ ಬಂದಿತ್ತು.

ಬೊಪ್ಪಗೌಡನಪುರ ಅಂದರೆ ಜನಪದ ಸಂತ ಮಂಟೇಸ್ವಾಮಿಯ ಗದ್ದುಗೆ ಇರುವ ಊರು. ಕಾವಿ ಸುಣ್ಣದ ಗೋಡೆ, ಒಳಗೆ ತಂಪು. ಅಲ್ಲಿ ಒಬ್ಬ ನೀಲಗಾರ ತಾತ ಸಿಕ್ಕರು. ನೀಲಗಾರರು ಅಂದರೆ ಮಂಟೇಸ್ವಾಮಿಯ ಕಥೆ ಹಾಡುವವರು. ತಂಬೂರಿಯನ್ನು ಹೆಗಲಿಗೆ ಒರಗಿಸಿಕೊಂಡು, ಬೆರಳಿಗೆ ಗಗ್ಗರ ಹಾಕಿಕೊಂಡು ಕೂತರು. ‘ಎಲ್ಲಿಂದ ಹಾಡ್ಲಿ ಬುದ್ದಿ?’ ಅಂದರು. ಕಲ್ಯಾಣದಿಂದ ಅಂದೆ.

ಮಂಟೇಸ್ವಾಮಿ ಕಾವ್ಯದಲ್ಲಿ ಕಲ್ಯಾಣದ ಸಾಲು ಅಂತ ಒಂದು ಭಾಗ. ಬಸವಣ್ಣನವರ ಕಲ್ಯಾಣ ಪಟ್ಟಣ. ಜಾತಿ ಇಲ್ಲ, ಮೇಲು ಕೀಳಿಲ್ಲ, ಎಲ್ಲ ಶರಣರೇ. ಆ ಪಟ್ಟಣದ ಬಾಗಿಲಿಗೆ ಮಂಟೇಸ್ವಾಮಿ ಬರುತ್ತಾನೆ. ಮೈಯೆಲ್ಲ ಹೊಲಸು, ವಾಸನೆ, ತಿರುಕನ ವೇಷ. ಬಾಗಿಲಲ್ಲಿದ್ದವರು ಒಳಗೆ ಬಿಡುವುದಿಲ್ಲ. ಬಸವಣ್ಣನಿಗೂ ನೀಲಮ್ಮನಿಗೂ ಆಮೇಲೆ ಗುರುತು ಸಿಗುತ್ತದೆ, ಹುಡುಕಿಕೊಂಡು ಬರುತ್ತಾರೆ. ವೇಷದ ಶರಣರು ಒಬ್ಬೊಬ್ಬರಾಗಿ ಓಡಿಹೋಗುತ್ತಾರೆ.

ತಾತ ಹಾಡು ನಿಲ್ಲಿಸಿ ನೀರು ಕುಡಿದರು. ನಾನು ಸುಮ್ನೆ ಕೂತಿದ್ದೆ. ಕಲ್ಯಾಣದಲ್ಲೂ ಒಬ್ಬ ಬಾಗಿಲ ಹೊರಗೆ ಉಳಿದಿದ್ದ ಅಂತ ನಮ್ಮ ಸೀಮೆಯ ಜನ ನೂರಾರು ವರ್ಷದಿಂದ ಹಾಡುತ್ತಿದ್ದಾರೆ. ಬಸವಣ್ಣನನ್ನು ಬಿಟ್ಟುಕೊಡದೆ, ಅವನ ಮನೆಯ ಬಾಗಿಲಲ್ಲೇ ನಿಂತು, ಆ ಪ್ರಶ್ನೆ ಕೇಳುತ್ತಿದ್ದಾರೆ. ನಮ್ಮ ಹುಡುಗಿ ಮೇಲುಕೋಟೆಯಲ್ಲಿ ಮಾಡಿದ ಲೆಕ್ಕವನ್ನೇ ಇವರು ತಂಬೂರಿ ಹಿಡಿದು ಮಾಡುತ್ತಿದ್ದರು.

ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರಿನಲ್ಲಿ ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿಯ ಜಾತ್ರೆ ನಡೆಯುತ್ತದೆ. ಐದು ದಿನದ ಜಾತ್ರೆ. ಅದರಲ್ಲಿ ಒಂದು ದಿನ ಪಂಕ್ತಿಸೇವೆ. ಎಲ್ಲ ಜಾತಿಯವರೂ ಬಯಲಲ್ಲಿ ಒಲೆ ಹೂಡಿ, ಅಡುಗೆ ಮಾಡಿ, ಒಟ್ಟಿಗೆ ಕೂತು ಉಣ್ಣುವುದೇ ಸೇವೆ. ತಾತ ಅದನ್ನು ಹೇಳುವಾಗ ‘ದ್ಯಾವ್ರು ಉಣ್ಣದು ಅಲ್ಲೇಯ’ ಅಂದರು. ಅವತ್ತು ಮಧ್ಯಾಹ್ನ ನಾವು ಅಲ್ಲೇ ಸಾಲಾಗಿ ಕೂತು ಅನ್ನ ಸಾರು ಉಂಡೆವು. ನನಗೆ ಬರದ ಹುಡುಗನ ನೆನಪೇ ಜಾಸ್ತಿ ಆಗುತ್ತಿತ್ತು. ಅವನು ಮಕ್ಕಳಲ್ಲೆಲ್ಲ ಚೆನ್ನಾಗಿ ಹಾಡುವವನು.

ಹೊರಡುವಾಗ ಇನ್ನೊಂದು ನೋವಾಯಿತು. ಎಪ್ಪತ್ತು ದಾಟಿದ ಆ ತಾತ ನನ್ನನ್ನು ಬುದ್ದಿ ಅಂದದ್ದು ಕಿವಿಯಲ್ಲೇ ಉಳಿದಿತ್ತು. ಆಳುಗಳು ಒಡೆಯರನ್ನು ಕರೆಯುವ ಆ ಪದ ನನಗೆ ಹೊಸದಲ್ಲ.

ನಮ್ಮ ತಾತ ಗೇಣಿದಾರ. ನಾಲೆ ಬಯಲಿನಲ್ಲಿ ಎರಡು ಎಕರೆ ಗದ್ದೆ ಗೇಣಿಗೆ ಮಾಡುತ್ತಿದ್ದರು. ಒಡೆಯರು ಬೇರೆ ಊರಿನಲ್ಲಿದ್ದರು. ದೇವರಾಜ ಅರಸು ಕಾಲದಲ್ಲಿ, 1974ರ ಮಾರ್ಚಿ 1ರಿಂದ ಭೂಸುಧಾರಣೆಯ ಹೊಸ ತಿದ್ದುಪಡಿ ಜಾರಿಗೆ ಬಂತು. ಉಳುವವನೇ ಹೊಲದೊಡೆಯ. ಗೇಣಿಗೆ ಮಾಡುತ್ತಿರುವ ಜಮೀನು ತಮ್ಮ ಹೆಸರಿಗಾಗಬೇಕು ಅಂತ ತಾತ ಡಿಕ್ಲರೇಷನ್ ಹಾಕಿದರು. ಭೂ ನ್ಯಾಯಮಂಡಳಿಗೆ ಅಲೆದರು. ಜಮೀನು ನಮ್ಮದಾಯಿತು. ಆ ಗದ್ದೆಯ ಕಬ್ಬಿನ ದುಡ್ಡಿನಿಂದ ನಮ್ಮಪ್ಪ ಓದಿದರು, ನಾನು ಬಿ.ಎಡ್. ಮಾಡಿದೆ. ನಮ್ಮ ಮನೆಯ ನಡುಮನೆಯಲ್ಲಿ ಇವತ್ತಿಗೂ ಅರಸು ಅವರ ಫೋಟೋ ಇದೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಗೆ, ಅವರ ಊರಿಗೆ ಮಕ್ಕಳನ್ನು ಕರೆದುಕೊಂಡು ಹೋದಾಗ ನಾನು ಈ ಕಥೆಯನ್ನು ಎದೆಯುಬ್ಬಿಸಿ ಹೇಳಿದೆ. ನಾನೇ ಆ ಸುಧಾರಣೆಯ ಕೂಸು ಅಂದೆ.

ಹೇಳಿ ಮುಗಿಸುವಾಗ ಒಬ್ಬರ ಮುಖ ಕಣ್ಣೆದುರು ಬಂತು. ಆ ಗದ್ದೆ ಉತ್ತವರು ಯಾರು? ನಮ್ಮ ತಾತ ಬದುವಿನ ಮೇಲೆ ನಿಲ್ಲುತ್ತಿದ್ದರು, ನೀರು ಕಟ್ಟುತ್ತಿದ್ದರು, ಲೆಕ್ಕ ನೋಡುತ್ತಿದ್ದರು. ನೇಗಿಲು ಹಿಡಿಯುತ್ತಿದ್ದವರು ಕೇರಿಯಿಂದ ಬರುತ್ತಿದ್ದ ಒಬ್ಬ ಹಿರಿಯರು. ವರ್ಷವಿಡೀ ನಮ್ಮ ಮನೆಗೇ ದುಡಿದವರು. ಅವರ ಹೆಸರಿನಲ್ಲಿ ಗೇಣಿ ಇರಲಿಲ್ಲ. ಕೂಲಿ ಆಳಿಗೆ ಡಿಕ್ಲರೇಷನ್ ಹಾಕುವ ಹಕ್ಕು ಇರಲಿಲ್ಲ. ಉಳುವವನೇ ಒಡೆಯ ಅಂತ ಕಾನೂನು ಬಂದಾಗ ನಿಜವಾಗಿ ಉತ್ತವರು ಕೊಟ್ಟಿಗೆಯ ಮುಂದೆ ನಿಂತಿದ್ದರು.

ಕೊಟ್ಟಿಗೆಯ ಗೋಡೆಗೂಡಿನಲ್ಲಿ ಒಂದು ಅಲ್ಯೂಮಿನಿಯಂ ಲೋಟ ಇರುತ್ತಿತ್ತು. ಅದು ಅವರದು. ಅಜ್ಜಿ ಮೇಲಿನಿಂದ ಕಾಫಿ ಹೊಯ್ಯುತ್ತಿದ್ದರು. ಕುಡಿದು, ತೊಳೆದು, ಅವರೇ ವಾಪಸ್ ಗೂಡಿಗೆ ಇಡುತ್ತಿದ್ದರು. ಏಳು ವರ್ಷದ ನನ್ನನ್ನು ಅವರು ‘ಚಿಕ್ಕ ಬುದ್ದಿ’ ಅನ್ನುತ್ತಿದ್ದರು. ನಾನು ಅವರನ್ನು ಹೆಸರು ಹಿಡಿದು ‘ಬಾರೋ’ ಅಂತ ಕರೆಯುತ್ತಿದ್ದೆ. ಯಾರೂ ತಿದ್ದಲಿಲ್ಲ. ಮನೆಯಲ್ಲಿ ಎಲ್ಲರೂ ಒಳ್ಳೆಯವರೇ. ಅವರ ಮಗಳ ಮದುವೆಗೆ ತಾತ ಎರಡು ಮೂಟೆ ಭತ್ತ ಕೊಟ್ಟಿದ್ದರು. ಅದನ್ನು ಎಲ್ಲರೂ ಇನ್ನೂ ನೆನೆಸಿಕೊಳ್ಳುತ್ತಾರೆ. ಲೋಟದ ವಿಷಯ ಯಾರಿಗೂ ನೆನಪಿಲ್ಲ.

ಕಲ್ಲಹಳ್ಳಿಯಿಂದ ವಾಪಸ್ ಬರುವಾಗ ಬಸ್ಸಿನಲ್ಲಿ ಇದನ್ನೂ ಮಕ್ಕಳಿಗೆ ಹೇಳಿದೆ. ಹೇಳಲೇಬೇಕು ಅನ್ನಿಸಿತು. ಅರ್ಧ ಕಥೆ ಹೇಳಿ ಕೆಳಗಿಳಿಯಲು ಆಗಲಿಲ್ಲ. ಬಸ್ಸಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಸೀಟಿನಲ್ಲಿ ಹಾಡು ಶುರುವಾಯಿತು. ಮಕ್ಕಳು ಮಕ್ಕಳೇ.

ಈಗ ಪ್ರತಿ ಹೊರಸಂಚಾರ ಆದ ಮೇಲೆ ಮನೆಯಲ್ಲಿ ಕೇಳಿಕೊಂಡು ಬರಲು ಮೂರು ಪ್ರಶ್ನೆ ಕೊಡುತ್ತೇನೆ. ನಿಮ್ಮ ಅಜ್ಜಿಗೆ ಎಷ್ಟನೇ ವಯಸ್ಸಿಗೆ ಮದುವೆ ಆಯಿತು? ನಿಮ್ಮ ಜಮೀನಿನ ಪಹಣಿಯಲ್ಲಿ ಯಾರ ಹೆಸರಿದೆ? ನಿಮ್ಮ ಮನೆಯ ಒಳಗೆ ಯಾರು ಬರುತ್ತಿರಲಿಲ್ಲ, ಇಲ್ಲವೇ ನೀವು ಯಾರ ಮನೆಯ ಒಳಗೆ ಹೋಗುತ್ತಿರಲಿಲ್ಲ?

ಮೊದಲ ಸಲ ಉತ್ತರಗಳನ್ನು ಕ್ಲಾಸಿನಲ್ಲಿ ಜೋರಾಗಿ ಓದಿಸಿದೆ. ಅದು ನನ್ನ ದೊಡ್ಡ ತಪ್ಪು. ಮೂರನೇ ಪ್ರಶ್ನೆಗೆ ಬಂದಾಗ ಕೆಲವು ಮಕ್ಕಳ ದನಿ ಇಳಿಯಿತು. ಒಬ್ಬ ಓದಲೇ ಇಲ್ಲ. ಹೊರಗೆ ನಿಂತವರ ಮನೆಯ ಮಕ್ಕಳು ಎಲ್ಲರೆದುರು ಅದನ್ನು ಮತ್ತೆ ಅನುಭವಿಸಬೇಕಾಯಿತು. ಈಗ ಬರೆದು ನನಗೆ ಮಾತ್ರ ತೋರಿಸಿದರೆ ಸಾಕು ಅಂತ ಹೇಳಿದ್ದೇನೆ. ಬರೆಯದಿದ್ದರೂ ಸರಿ.

ಪಹಣಿಯ ಉತ್ತರಗಳು ಬಂದಾಗ ಮಕ್ಕಳಿಗೇ ಆಶ್ಚರ್ಯ. ಅಜ್ಜಿ, ಅಮ್ಮ, ಅತ್ತೆ ಯಾರ ಹೆಸರೂ ಇಲ್ಲದ ಮನೆಗಳೇ ಹೆಚ್ಚು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಣ್ಣುಮಕ್ಕಳ ಹಕ್ಕಿನ ಕಾನೂನು ಮಾಡಿತ್ತು. ವಿಧವೆಯರಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಪಾಲು ಹೇಳಿತ್ತು. 1994ರಲ್ಲಿ ಕರ್ನಾಟಕ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮ ಪಾಲು ಕೊಟ್ಟಿತು. ಆದರೆ ಅಷ್ಟರಲ್ಲಿ ಮದುವೆಯಾಗಿದ್ದವರಿಗೆ ಇಲ್ಲ. ಅವರಿಗೂ ಸಿಕ್ಕಿದ್ದು 2005ರ ಕೇಂದ್ರದ ತಿದ್ದುಪಡಿಯಿಂದ. ಇಷ್ಟೆಲ್ಲ ಆದ ಮೇಲೆ ನಮ್ಮ ಊರುಗಳಲ್ಲಿ ಏನಾಗುತ್ತದೆ? ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ದುಡ್ಡು, ಒಂದು ಸೀರೆ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ನಮ್ಮ ಸೋದರತ್ತೆಯೂ ಹಾಕಿದರು. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬೈಕಿನಲ್ಲಿ ಕರೆದುಕೊಂಡು ಹೋದವನು ನಾನೇ. ಅವರಿಗೆ ತವರು ತಪ್ಪಿಹೋಗಬಾರದು ಅನ್ನುವ ಭಯ ಇತ್ತು. ಅದು ನನಗೆ ಗೊತ್ತಿತ್ತು.

ಲೋಟದ ಹಿರಿಯರು ಈಗಿಲ್ಲ. ಹೋದ ವರ್ಷ ಅವರ ಮಗಳನ್ನು ಹುಡುಕಿಕೊಂಡು ಹೋದೆ. ಜಗಲಿಯ ಮೇಲೆ ಕೂರಿಸಿದರು. ಏನು ಕೇಳಬೇಕು ಅಂತ ಹೋಗಿದ್ದೆನೋ ಅದು ಬಾಯಿಗೆ ಬರಲಿಲ್ಲ. ಅವರ ಮೊಮ್ಮಗಳು ಯಾವ ಕ್ಲಾಸು ಅಂತ ಕೇಳಿದೆ. ಏಳನೇ ಕ್ಲಾಸು. ಇನ್ನೆರಡು ವರ್ಷಕ್ಕೆ ನಮ್ಮ ಶಾಲೆಗೆ ಬರಬಹುದು. ಬಂದರೆ ಕಲ್ಲಹಳ್ಳಿಯಲ್ಲಿ ನಿಂತು ಆ ಕಥೆಯನ್ನು ಅವಳ ಎದುರು ಹೇಗೆ ಹೇಳಲಿ ಅಂತ ಈಗಲಿಂದಲೇ ಯೋಚನೆ.

ಮೇಲುಕೋಟೆಯ ಹುಡುಗಿ ಈಗ ಹತ್ತನೇ ಕ್ಲಾಸು. ಮೊನ್ನೆ ಅವಳ ನೋಟ್‌ಬುಕ್ಕು ಬಂತು. ಅಜ್ಜಿಯ ಮದುವೆಯ ವಯಸ್ಸು 13 ಅಂತ ಬರೆದಿದ್ದಳು. ಪಹಣಿಯಲ್ಲಿ ದೊಡ್ಡಪ್ಪನ ಹೆಸರು. ಮೂರನೆಯದರ ಮುಂದೆ ಪೆನ್ಸಿಲಿನಲ್ಲಿ ‘ಅಜ್ಜಿ ಹೇಳಲ್ಲ ಅಂದ್ರು, ಆಮೇಲೆ ಎದ್ದು ಒಳಗೆ ಹೋದ್ರು’ ಅಂತ ಇತ್ತು. ಅದರ ಕೆಳಗೆ ಮೂರು ಸಾಲು ಖಾಲಿ ಬಿಟ್ಟಿದ್ದಳು. ಆ ಮೂರು ಸಾಲನ್ನು ಹಾಗೇ ಬಿಟ್ಟು, ಕೆಳಗೆ ಸಹಿ ಹಾಕಿ, ಪುಸ್ತಕ ವಾಪಸ್ ಕೊಟ್ಟೆ.